ಸದನದ ವಕಾಲತ್ತಿಗೆ ಸಹಿ ಯಾರದು?

ಮೊಕದ್ದಮೆ ಎಂದಮೇಲೆ ಎರಡು ಕಡೆ ಇರಬೇಕು. ಒಂದು ಕಡೆಯವರು ಹೌದೆಂದರೆ ಇನ್ನೊಂದು ಕಡೆಯವರು ಅಲ್ಲವೆನ್ನಬೇಕು. ಜಗದೀಶ್ ರಾಯ್ ಚಡ್ಢಾ ಎಂಬಾತನ ಪ್ರಕರಣ ಅಮೆರಿಕದ ಮೇಲ್ಮನವಿ ನ್ಯಾಯಾಲಯಕ್ಕೆ ಬಂದಾಗ ಅರ್ಜಿದಾರನೂ ಹೌದೆನ್ನುತ್ತಿದ್ದ, ಎದುರುದಾರನಾದ ಸರ್ಕಾರವೂ ಹೌದೆನ್ನುತ್ತಿತ್ತು. ಪ್ರಶ್ನೆಗೊಳಗಾಗಿದ್ದದ್ದು ಸಂಸತ್ತಿನ ಒಂದು ಅಧಿಕಾರ. ಅದನ್ನು ಸಮರ್ಥಿಸಬೇಕಾದ ಸಂಸತ್ತು ಮಾತ್ರ ಕಕ್ಷಿದಾರರ ಪಟ್ಟಿಯಲ್ಲೇ ಇರಲಿಲ್ಲ.

ಚಡ್ಢಾ ಭಾರತೀಯ ಮೂಲದವನು. ಹುಟ್ಟಿದ್ದು ಕೀನ್ಯಾದಲ್ಲಿ, ಕೈಯಲ್ಲಿದ್ದದ್ದು ಬ್ರಿಟಿಷ್ ಪಾಸ್‌ಪೋರ್ಟ್, ಓದಿದ್ದು ಒಹಾಯೊದಲ್ಲಿ. 1972ರಲ್ಲಿ ಅವನ ವಿದ್ಯಾರ್ಥಿ ವೀಸಾದ ಅವಧಿ ಮುಗಿಯಿತು. ಗಡೀಪಾರಿನ ವಿಚಾರಣೆ ನಡೆದು, 1974ರಲ್ಲಿ ವಲಸೆ ನ್ಯಾಯಾಧೀಶರು ಅವನ ಕಷ್ಟವನ್ನು ಪರಿಗಣಿಸಿ ಗಡೀಪಾರನ್ನು ತಡೆಹಿಡಿದರು. ಕತೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಇಂಥ ತಡೆಯನ್ನು ಸಂಸತ್ತಿನ ಯಾವುದಾದರೂ ಒಂದು ಸದನ ಬರೀ ಒಂದು ನಿರ್ಣಯದಿಂದ ರದ್ದು ಮಾಡಬಹುದೆಂದು ಆಗಿನ ಕಾನೂನು ಹೇಳುತ್ತಿತ್ತು. 1975ರ ಡಿಸೆಂಬರ್ 16ರಂದು ಕೆಳಮನೆಯಾದ ಪ್ರತಿನಿಧಿ ಸಭೆ ಅದನ್ನೇ ಮಾಡಿತು. ಪಟ್ಟಿಯಲ್ಲಿ 340 ಹೆಸರುಗಳಿದ್ದವು, ಅದರಲ್ಲಿ ಆರನ್ನು ಆರಿಸಿ ತೆಗೆದರು, ಆ ಆರರಲ್ಲಿ ಚಡ್ಢಾನದೂ ಒಂದು. ನಿರ್ಣಯದ ಪ್ರತಿ ಅಚ್ಚಾಗಿ ಸದಸ್ಯರ ಕೈಗೆ ಬಂದಿರಲಿಲ್ಲ. ಚರ್ಚೆ ನಡೆಯಲಿಲ್ಲ, ಮತಗಳನ್ನು ದಾಖಲಿಸಲೂ ಇಲ್ಲ.

ಚಡ್ಢಾ ನ್ಯಾಯಾಲಯಕ್ಕೆ ಹೋದ. ಒಂದೇ ಸದನ ಹೀಗೆ ರದ್ದು ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂಬುದು ಅವನ ವಾದ. ಸರ್ಕಾರದ ಪರವಾಗಿ ಬಂದ ನ್ಯಾಯ ಇಲಾಖೆಯ ವಕೀಲರು ಎದ್ದು ನಿಂತು, ಅರ್ಜಿದಾರ ಹೇಳುವುದು ಸರಿ ಎಂದರು. ಇದರಲ್ಲಿ ಅಚ್ಚರಿಪಡಲು ಏನೂ ಇಲ್ಲ. ಕಾರ್ಯಾಂಗದ ನಿರ್ಧಾರವನ್ನು ಒಂದು ಸದನ ಹೊಡೆದುಹಾಕುವ ಈ ಏರ್ಪಾಡನ್ನು ಎರಡೂ ಪಕ್ಷಗಳಿಂದ ಬಂದ ರಾಷ್ಟ್ರಾಧ್ಯಕ್ಷರು ಬಹುಕಾಲದಿಂದ ದ್ವೇಷಿಸುತ್ತ ಬಂದಿದ್ದರು. ಅದನ್ನು ಮುಗಿಸುವ ಅವಕಾಶ ತಾನಾಗಿ ಮನೆಬಾಗಿಲಿಗೆ ಬಂದಾಗ ಅಧ್ಯಕ್ಷರ ವಕೀಲರು ಯಾಕೆ ಬೇಡವೆನ್ನುತ್ತಾರೆ?

ಕೊನೆಗೆ ನ್ಯಾಯಾಲಯವೇ ಎರಡೂ ಸದನಗಳಿಗೆ ಹೇಳಿಕಳುಹಿಸಿ ಅವುಗಳ ವಾದವನ್ನು ಕೇಳಬೇಕಾಯಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಏರುವ ಹೊತ್ತಿಗೆ ಮೇಲ್ಮನೆಯಾದ ಸೆನೆಟ್‌ಗೆ ತನ್ನದೇ ಆದ ಒಂದು ವಕೀಲ ಕಚೇರಿ ಇತ್ತು, ಅದರ ಮುಖ್ಯಸ್ಥ ಮೈಕೇಲ್ ಡೇವಿಡ್‌ಸನ್ ಬಂದು ವಾದಿಸಿದರು. ಕೆಳಮನೆ ಹೊರಗಿನ ವಕೀಲರೊಬ್ಬರನ್ನು ಗೊತ್ತುಮಾಡಿಕೊಂಡಿತ್ತು. 1983ರ ಜೂನ್ 23ರಂದು ಬಂದ ತೀರ್ಪಿನಲ್ಲಿ ಎರಡೂ ಸದನಗಳು 7-2ರಿಂದ ಸೋತವು. ಇಂಥ ಅಧಿಕಾರ ಸುಮಾರು 200 ಕಾಯ್ದೆಗಳಲ್ಲಿದೆ, ಎಲ್ಲವೂ ಒಂದೇ ಏಟಿಗೆ ಉರುಳಿದವು ಎಂದು ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ವೈಟ್ ನೊಂದು ಹೇಳಿದರು. ಆದರೆ ಸೋತ ಕಡೆಗೂ ಆ ತೀರ್ಪಿನಲ್ಲಿ ಒಂದು ಗಳಿಕೆ ಇತ್ತು. ಕಾನೂನನ್ನು ಜಾರಿ ಮಾಡಬೇಕಾದ ಇಲಾಖೆಯೇ ಅದು ಅಸಾಂವಿಧಾನಿಕವೆಂದು ಎದುರುಗಡೆಯವರ ಜೊತೆ ಸೇರಿಕೊಂಡರೆ, ಅದನ್ನು ಸಮರ್ಥಿಸಲು ತಕ್ಕ ಕಕ್ಷಿದಾರ ಶಾಸಕಾಂಗವೇ ಎಂದು ನ್ಯಾಯಾಲಯ ಒಪ್ಪಿಕೊಂಡಿತು.

ಸಂಸತ್ತಿಗೆ ಸ್ವಂತ ವಕೀಲ ಯಾಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಸಿಗಲಾರದು. ಆದರೆ ನನ್ನ ಆಸಕ್ತಿ ಇರುವುದು ಅದರ ನಂತರದ ಪ್ರಶ್ನೆಯಲ್ಲಿ. ವಕೀಲನೇನೋ ಬಂದ. ಅವನಿಗೆ ಸೂಚನೆ ಕೊಡುವವರು ಯಾರು? ಜಮೀನಿನ ವ್ಯಾಜ್ಯವಾದರೆ ಜಮೀನಿನ ಒಡೆಯ ವಕಾಲತ್ತಿಗೆ ಸಹಿ ಹಾಕುತ್ತಾನೆ. ಸದನದಲ್ಲಿ ನೂರು ಜನರಿದ್ದಾರೆ, ಅರ್ಧ ಜನ ಇನ್ನರ್ಧ ಜನರನ್ನು ಸೋಲಿಸಲೆಂದೇ ಅಲ್ಲಿ ಕೂತಿದ್ದಾರೆ.

ಅಮೆರಿಕದಲ್ಲಿ ಈ ಪ್ರಶ್ನೆ ಎದುರಾಗಲು ಬಹಳ ಕಾಲ ಹಿಡಿಯಿತು. 1875ರ ಒಂದು ಕಾನೂನಿನ ಪ್ರಕಾರ, ಕರ್ತವ್ಯ ನಿರ್ವಹಣೆಗಾಗಿ ಸದನದ ಅಧಿಕಾರಿಯ ಮೇಲೆ ಯಾರಾದರೂ ದಾವೆ ಹೂಡಿದರೆ ಸರ್ಕಾರಿ ವಕೀಲರೇ ಅವನ ಪರ ನಿಲ್ಲಬೇಕು. ಸಾಮಾನ್ಯ ದಿನಗಳಲ್ಲಿ ಅದು ಸಾಕಾಗುತ್ತಿತ್ತು. ಸಾಲದಾದಾಗ ಸದನಗಳು ಸಿಕ್ಕವರನ್ನು ಕಳುಹಿಸಿದವು. ಅಧಿಕಾರಿಗಳನ್ನು ವಜಾ ಮಾಡುವ ಅಧ್ಯಕ್ಷರ ಹಕ್ಕಿನ ಬಗ್ಗೆ 1926ರಲ್ಲಿ ತೀರ್ಮಾನವಾದ ಮೈಯರ್ಸ್ ಪ್ರಕರಣದಲ್ಲಿ ಸರ್ಕಾರದ ವಕೀಲರು ಸಂಸತ್ತಿನ ಕಾನೂನಿನ ವಿರುದ್ಧವೇ ವಾದಿಸಿದರು. ಅದರ ಪರವಾಗಿ ಮಾತನಾಡಲು ನ್ಯಾಯಾಲಯ ಸೆನೆಟರ್ ಜಾರ್ಜ್ ವಾರ್ಟನ್ ಪೆಪ್ಪರ್ ಅವರನ್ನು ಕರೆಯಬೇಕಾಯಿತು. ಮೂವರು ನೌಕರರ ಸಂಬಳ ತಡೆದ 1946ರ ಲವೆಟ್ ಪ್ರಕರಣದಲ್ಲೂ ಸರ್ಕಾರ ನೌಕರರ ಪಕ್ಷ ವಹಿಸಿತು, ಸಂಸತ್ತು ಖಾಸಗಿ ವಕೀಲರನ್ನು ಹಿಡಿಯಿತು. ಆಡಂ ಕ್ಲೇಟನ್ ಪೊವೆಲ್‌ಗೆ ಕೆಳಮನೆಯಲ್ಲಿ ಸ್ಥಾನ ನಿರಾಕರಿಸಿದ ಪ್ರಕರಣ 1969ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗಲೂ ವಾದಿಸಿದ್ದು ಹೊರಗಿನಿಂದ ತಂದ ವಕೀಲ ಬ್ರೂಸ್ ಬ್ರೋಮ್ಲಿ.

ಎಪ್ಪತ್ತರ ದಶಕದಲ್ಲಿ ಈ ಹೊಂದಾಣಿಕೆ ಪೂರ್ತಿ ಕುಸಿಯಿತು. ಸೆನೆಟರ್ ಮೈಕ್ ಗ್ರಾವೆಲ್ 1971ರ ಜೂನ್‌ನಲ್ಲಿ ವಿಯೆಟ್ನಾಂ ಯುದ್ಧದ ರಹಸ್ಯ ಕಡತಗಳಾದ ಪೆಂಟಗನ್ ಪೇಪರ್ಸ್ ಅನ್ನು ಉಪಸಮಿತಿಯ ಸಭೆಯಲ್ಲಿ ಓದಿದರು. ನ್ಯಾಯ ಇಲಾಖೆ ಅವರ ಸಹಾಯಕನನ್ನು ಗ್ರ್ಯಾಂಡ್ ಜ್ಯೂರಿಯ ಮುಂದೆ ಕರೆಸಲು ಹೊರಟಿತು. ಸೆನೆಟರ್ ಅವರ ರಕ್ಷಣೆಗೆ ಬರಬೇಕಾದ ಇಲಾಖೆಯೇ ಎದುರುಗಡೆ ನಿಂತಿತ್ತು. ಆಗ ಸೆನೆಟ್ ತನ್ನದೇ ಇಬ್ಬರು ಸದಸ್ಯರಾದ ಸ್ಯಾಮ್ ಅರ್ವಿನ್ ಮತ್ತು ವಿಲಿಯಂ ಸ್ಯಾಕ್ಸ್‌ಬಿ ಅವರನ್ನು ಸುಪ್ರೀಂ ಕೋರ್ಟಿಗೆ ಕಳುಹಿಸಿತು. ಇನ್ನೊಂದು ಪ್ರಕರಣದಲ್ಲಿ, ಕ್ರಿಸ್‌ಮಸ್ ಬಿಡುವಿನ ನೆಪದಲ್ಲಿ ಅಧ್ಯಕ್ಷ ನಿಕ್ಸನ್ ಒಂದು ಮಸೂದೆಯನ್ನು ಸಹಿ ಹಾಕದೆ ಸಾಯಬಿಟ್ಟದ್ದರ ವಿರುದ್ಧ ಸೆನೆಟರ್ ಎಡ್ವರ್ಡ್ ಕೆನಡಿ ತಾವೇ ಕೋಟು ಹಾಕಿಕೊಂಡು ಹೋಗಿ ವಾದಿಸಿದರು, ಗೆದ್ದರು ಕೂಡ. ಗೆದ್ದ ಸಂತೋಷ ಒಂದು ಕಡೆ. ಒಂದು ರಾಷ್ಟ್ರದ ಶಾಸನಸಭೆ ತನ್ನ ಹಕ್ಕಿಗಾಗಿ ಸದಸ್ಯರೊಬ್ಬರ ವೈಯಕ್ತಿಕ ಉಮೇದನ್ನು ನಂಬಿಕೊಂಡಿತ್ತು ಎಂಬುದು ಇನ್ನೊಂದು ಕಡೆ.

ವಾಟರ್‌ಗೇಟ್ ಹಗರಣ ಬಂದದ್ದು ಇದರ ಮೇಲೆ. ಅರ್ವಿನ್ ಅಧ್ಯಕ್ಷತೆಯ ಸೆನೆಟ್ ಸಮಿತಿ 1973ರ ಜುಲೈನಲ್ಲಿ ನಿಕ್ಸನ್ ಅವರ ಧ್ವನಿಮುದ್ರಿಕೆಗಳಿಗಾಗಿ ಸಮನ್ಸ್ ಕಳುಹಿಸಿತು. ಅಧ್ಯಕ್ಷರು ಕೊಡಲಿಲ್ಲ. ಸಮಿತಿ ದಾವೆ ಹೂಡಿದರೆ, ಇಂಥ ದಾವೆ ಕೇಳುವ ಅಧಿಕಾರವ್ಯಾಪ್ತಿಯೇ ನನಗಿಲ್ಲ ಎಂದು ನ್ಯಾಯಾಧೀಶ ಸಿರಿಕಾ ವಜಾ ಮಾಡಿದರು. ಡಿಸೆಂಬರ್‌ನಲ್ಲಿ ಸಂಸತ್ತು ಆ ಒಂದು ಸಮಿತಿಗಾಗಿಯೇ ವಿಶೇಷ ಕಾನೂನು ಮಾಡಿ ಮತ್ತೆ ಹೋಯಿತು. 1974ರ ಫೆಬ್ರವರಿಯಲ್ಲಿ ಮತ್ತೆ ಸೋಲು, ಮೇ ತಿಂಗಳಲ್ಲಿ ಮೇಲ್ಮನವಿಯಲ್ಲೂ ಸೋಲು. ನಿಕ್ಸನ್ ಅವರ ಮುದ್ರಿಕೆಗಳಿಗಾಗಿಯೇ ಹೋದ ವಿಶೇಷ ಪ್ರಾಸಿಕ್ಯೂಟರ್ ಜುಲೈನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಸೆನೆಟ್ ಬರಿಗೈಯಲ್ಲಿ ಉಳಿಯಿತು.

ಆ ಪಾಠದಿಂದ ಹುಟ್ಟಿದ್ದು 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಸರ್ಕಾರಿ ನೈತಿಕತೆಯ ಕಾಯ್ದೆ. ಜನ ಅದನ್ನು ನೆನಪಿಡುವುದು ಅಧಿಕಾರಿಗಳ ಆಸ್ತಿ ಘೋಷಣೆಗಾಗಿ, ವಿಶೇಷ ಪ್ರಾಸಿಕ್ಯೂಟರ್ ವ್ಯವಸ್ಥೆಗಾಗಿ. ಅದರ ಏಳನೇ ಭಾಗದಲ್ಲಿ ಸೆನೆಟ್‌ನ ಕಾನೂನು ಕಚೇರಿ ಇದೆ. ಮೂಲ ಪ್ರಸ್ತಾವದಲ್ಲಿದ್ದದ್ದು ಎರಡೂ ಸದನಗಳಿಗೆ ಸೇರಿದ ಒಂದೇ ಕಚೇರಿ. ಕೆಳಮನೆ ಒಪ್ಪಲಿಲ್ಲ, ಸೆನೆಟ್ ತನ್ನ ಪಾಲಿನದನ್ನು ತಾನು ಕಟ್ಟಿಕೊಂಡಿತು.

ಆ ಕಾಯ್ದೆಯನ್ನು ಬರೆದವರ ಜಾಣತನ ಕಾಣುವುದು ನೇಮಕ ಮತ್ತು ಸೂಚನೆಯ ನಿಯಮಗಳಲ್ಲಿ. ಮುಖ್ಯ ವಕೀಲರನ್ನು ನೇಮಿಸುವವರು ಸೆನೆಟ್‌ನ ಹಂಗಾಮಿ ಅಧ್ಯಕ್ಷರು. ಆದರೆ ಬಹುಮತದ ನಾಯಕ ಮತ್ತು ವಿರೋಧ ಪಕ್ಷದ ನಾಯಕ ಇಬ್ಬರೂ ಶಿಫಾರಸು ಮಾಡಿದ ಹೆಸರುಗಳಿಂದಲೇ ಆರಿಸಬೇಕು, ಆಮೇಲೆ ಇಡೀ ಸೆನೆಟ್ ನಿರ್ಣಯದ ಮೂಲಕ ಒಪ್ಪಬೇಕು. ಪಕ್ಷ ನೋಡುವಂತಿಲ್ಲ. ನೇಮಕವಾದ ಸಂಸತ್ತಿನ ಅವಧಿ ಮುಗಿದು, ಮುಂದಿನ ಸಂಸತ್ತಿನ ಅವಧಿಯೂ ಮುಗಿಯುವವರೆಗೆ ಹುದ್ದೆ ಇರುತ್ತದೆ. ಅಂದರೆ ನಡುವೆ ಒಂದು ಚುನಾವಣೆ ದಾಟಿಯೇ ದಾಟುತ್ತದೆ. ಕೆಳಗಿನ ನ್ಯಾಯಾಲಯಗಳಲ್ಲಿ ಹಾಜರಾಗಲು ಆಯಾ ನ್ಯಾಯಾಲಯದ ನೋಂದಣಿ ಅವರಿಗೆ ಬೇಕಿಲ್ಲ, ಸುಪ್ರೀಂ ಕೋರ್ಟಿನಲ್ಲಿ ಮಾತ್ರ ಬೇಕು.

ಸೂಚನೆ ಕೊಡುವ ಜಂಟಿ ನಾಯಕತ್ವ ಗುಂಪಿನಲ್ಲಿ ಏಳು ಜನ. ಹಂಗಾಮಿ ಅಧ್ಯಕ್ಷರು, ಎರಡೂ ಪಕ್ಷಗಳ ನಾಯಕರು, ನ್ಯಾಯಾಂಗ ಸಮಿತಿಯ ಅಧ್ಯಕ್ಷ ಹಾಗೂ ಅದೇ ಸಮಿತಿಯಲ್ಲಿರುವ ವಿರೋಧ ಪಕ್ಷದ ಹಿರಿಯ, ನಿಯಮಾವಳಿ ಸಮಿತಿಯಿಂದಲೂ ಹಾಗೆಯೇ ಇಬ್ಬರು. ಸೆನೆಟನ್ನೋ ಅದರ ಸಮಿತಿಯನ್ನೋ ಸದಸ್ಯರನ್ನೋ ನ್ಯಾಯಾಲಯದಲ್ಲಿ ಸಮರ್ಥಿಸಬೇಕಾದರೆ ಈ ಗುಂಪಿನ ಮೂರನೇ ಎರಡರಷ್ಟು ಜನ ಹೇಳಬೇಕು, ಇಲ್ಲವೇ ಸೆನೆಟ್ ನಿರ್ಣಯ ಮಾಡಬೇಕು. ಲೆಕ್ಕ ಹಾಕಿ ನೋಡಿ. ಏಳರಲ್ಲಿ ಬಹುಮತದ ಪಕ್ಷಕ್ಕೆ ಸಿಗುವುದು ನಾಲ್ಕು ಸ್ಥಾನ, ವಿರೋಧ ಪಕ್ಷಕ್ಕೆ ಮೂರು. ಮೂರನೇ ಎರಡು ಎಂದರೆ ಐದು. ವಿರೋಧ ಪಕ್ಷದ ಒಬ್ಬರಾದರೂ ಕೈ ಎತ್ತದೆ ಆ ದಾರಿಯಲ್ಲಿ ವಕೀಲರು ಕದಲುವಂತಿಲ್ಲ. ತಾನಾಗಿ ದಾವೆ ಹೂಡಿ ಸಮನ್ಸ್ ಜಾರಿ ಮಾಡಿಸಬೇಕಾದರೆ, ಬೇರೆಯವರ ಪ್ರಕರಣದಲ್ಲಿ ಮಧ್ಯಪ್ರವೇಶ ಮಾಡಬೇಕಾದರೆ ಏಳು ಜನರ ಮಾತೂ ಸಾಲದು, ಇಡೀ ಸೆನೆಟ್‌ನ ನಿರ್ಣಯವೇ ಬೇಕು.

ಡೇವಿಡ್‌ಸನ್ 1979ರಿಂದ 1995ರವರೆಗೆ ಆ ಹುದ್ದೆಯಲ್ಲಿದ್ದರು. ಆ ನಡುವೆ ಸೆನೆಟ್ 1981ರಲ್ಲಿ ಡೆಮಾಕ್ರಟರಿಂದ ರಿಪಬ್ಲಿಕನ್ನರ ಕೈಗೆ ಹೋಯಿತು, 1987ರಲ್ಲಿ ತಿರುಗಿ ಬಂತು. ವಕೀಲ ಮಾತ್ರ ಬದಲಾಗಲಿಲ್ಲ. ವ್ಯವಸ್ಥೆ ಕೆಲಸ ಮಾಡಿತು ಎನ್ನಲು ನನಗೆ ಇಷ್ಟು ಸಾಕು.

ದಿನನಿತ್ಯದ ಕೆಲಸದಲ್ಲಿ ಹೇಳಿಕೊಳ್ಳುವಂಥ ಥಳಕು ಇಲ್ಲ. ಸೆನೆಟರೊಬ್ಬರ ಊರಿನ ಕಚೇರಿಗೆ ಪ್ರತಿಭಟನಾಕಾರರು ನುಗ್ಗಿ ಕೂರುತ್ತಾರೆ, ಪೊಲೀಸರು ಎತ್ತಿಕೊಂಡು ಹೋಗುತ್ತಾರೆ, ಅಕ್ರಮ ಪ್ರವೇಶದ ಮೊಕದ್ದಮೆಯಲ್ಲಿ ಕಚೇರಿಯ ಗುಮಾಸ್ತೆಗೆ ಸಾಕ್ಷಿ ಹೇಳಲು ಕರೆ ಬರುತ್ತದೆ. ಸೆನೆಟ್‌ನ ಅನುಮತಿಯಿಲ್ಲದೆ ಆಕೆ ಹೋಗುವಂತಿಲ್ಲ. ದಿನದ ಕಲಾಪ ಮುಗಿಯುವ ಹೊತ್ತಿಗೆ ನಾಯಕರು ಒಂದು ನಿರ್ಣಯ ಓದುತ್ತಾರೆ, ಸಾಕ್ಷಿ ಹೇಳಲು ಅನುಮತಿ, ಜೊತೆಗೆ ಸೆನೆಟ್ ವಕೀಲರ ನೆರವು, ಯಾರದೂ ಆಕ್ಷೇಪವಿಲ್ಲ, ಅಂಗೀಕಾರ. ಇಂಥವೇ ಹೆಚ್ಚು. ಸೆನೆಟ್ ನನಗೆ ಅನ್ಯಾಯ ಮಾಡಿದೆ ಎಂದು ವಕೀಲರಿಲ್ಲದೆ ತಾವೇ ಅರ್ಜಿ ಬರೆದು ಹಾಕುವ ನಾಗರಿಕರಿಗೂ ಇವರೇ ಉತ್ತರ ಬರೆಯಬೇಕು.

ಆದರೆ ಕೆಲವೊಮ್ಮೆ ಕಚೇರಿಯ ಬೆನ್ನುಮೂಳೆ ಪರೀಕ್ಷೆಗೆ ಬೀಳುತ್ತದೆ. ಒರೆಗನ್‌ನ ಸೆನೆಟರ್ ಬಾಬ್ ಪ್ಯಾಕ್‌ವುಡ್ ವಿರುದ್ಧ ಹಲವು ಮಹಿಳೆಯರು ಲೈಂಗಿಕ ಕಿರುಕುಳದ ಆರೋಪ ಮಾಡಿದ್ದರು. ನೈತಿಕ ಸಮಿತಿ ಅವರ ದಿನಚರಿಗಳನ್ನು ಕೇಳಿತು, ಅವರು ಒಂದು ಹಂತದ ನಂತರ ಕೊಡಲು ನಿರಾಕರಿಸಿದರು. 1993ರ ನವೆಂಬರ್‌ನಲ್ಲಿ ಸೆನೆಟ್ 94-6ರಿಂದ ತನ್ನ ವಕೀಲರಿಗೆ ಆದೇಶ ಕೊಟ್ಟಿತು: ನಮ್ಮ ಸದಸ್ಯನ ಮೇಲೆಯೇ ನ್ಯಾಯಾಲಯಕ್ಕೆ ಹೋಗಿ. ಮುಂದಿನ ಜನವರಿಯಲ್ಲಿ ಸಮಿತಿಯ ಪರವಾಗಿ ಆದೇಶ ಬಂತು. 1995ರಲ್ಲಿ ಪ್ಯಾಕ್‌ವುಡ್ ರಾಜೀನಾಮೆ ಕೊಟ್ಟರು. ಆ ವಕೀಲರು ಸದಸ್ಯರ ವಕೀಲರಲ್ಲ, ಸದನದ ವಕೀಲರು ಎಂಬುದು ಅಂದು ಎಲ್ಲರಿಗೂ ಕಂಡಿತು.

ಅದಾದ ಮೇಲೆ ಸಮನ್ಸ್ ಜಾರಿಗೆ ದೊಡ್ಡ ದಾವೆ ಬಂದದ್ದು 2016ರಲ್ಲಿ. ಬ್ಯಾಕ್‌ಪೇಜ್ ಎಂಬ ಜಾಹೀರಾತು ತಾಣದ ಮೂಲಕ ಅಪ್ರಾಪ್ತ ಬಾಲೆಯರ ಮಾರಾಟ ನಡೆಯುತ್ತಿದೆಯೆಂಬ ತನಿಖೆಯಲ್ಲಿ ಅದರ ಮುಖ್ಯಸ್ಥ ಕಾರ್ಲ್ ಫೆರರ್ ದಾಖಲೆ ಕೊಡಲಿಲ್ಲ. ಸೆನೆಟ್ 96-0ರಿಂದ ದಾವೆಗೆ ಒಪ್ಪಿತು, ಗೆದ್ದಿತು. ಒಂದೇ ಒಂದು ವಿರೋಧ ಮತ ಇಲ್ಲದ್ದನ್ನು ಗಮನಿಸಿ. ಇಷ್ಟು ಒಮ್ಮತ ಇದ್ದಾಗ ಮಾತ್ರ ಈ ಯಂತ್ರ ಸಲೀಸಾಗಿ ತಿರುಗುತ್ತದೆ. ಜೊತೆಗೆ ಒಂದು ದೊಡ್ಡ ವಿನಾಯಿತಿಯೂ ಇದೆ. ಅಧಿಕೃತ ಸ್ಥಾನದಲ್ಲಿ ಕೂತು ದಾಖಲೆ ನಿರಾಕರಿಸುವ ಕಾರ್ಯಾಂಗದ ಅಧಿಕಾರಿಗಳ ವಿರುದ್ಧ ಈ ದಾವೆಯ ದಾರಿಯನ್ನು ಕಾನೂನೇ ಮುಚ್ಚಿದೆ. ನಿಕ್ಸನ್ ಮುದ್ರಿಕೆಗಳ ಸೋಲಿನಿಂದ ಹುಟ್ಟಿದ ಕಾಯ್ದೆ, ಇನ್ನೊಬ್ಬ ನಿಕ್ಸನ್ ಬಂದರೆ ಈ ದಾರಿ ನಿನಗಲ್ಲ ಎನ್ನುತ್ತದೆ. ರಾಜಿ ಮಾಡಿಕೊಂಡು ಬರೆದ ಕಾನೂನುಗಳಲ್ಲಿ ಇಂಥ ತಮಾಷೆ ಇದ್ದೇ ಇರುತ್ತದೆ.

ಕೆಳಮನೆ ಹಿಡಿದದ್ದು ಬೇರೆ ದಾರಿ. ಅಲ್ಲಿ ಮೊದಲು ಸದನದ ಕಾರ್ಯದರ್ಶಿಯ ಕೈಕೆಳಗೆ ವಕೀಲರಿದ್ದರು. 1982ರಲ್ಲಿ ಪರಿಸರ ಸಂಸ್ಥೆಯ ಮುಖ್ಯಸ್ಥೆ ಆನ್ ಗೋರ್ಸಚ್ ವಿಷತ್ಯಾಜ್ಯದ ಕಡತಗಳನ್ನು ಕೊಡದಿದ್ದಾಗ ಸದನ ಅವರ ಮೇಲೆ ಸದನ ನಿಂದನೆಯ ಆರೋಪ ಹೊರಿಸಿತು. ಮೊಕದ್ದಮೆ ನಡೆಸಬೇಕಾದ ನ್ಯಾಯ ಇಲಾಖೆ ಅದರ ಬದಲು ಪ್ರತಿನಿಧಿ ಸಭೆಯ ಮೇಲೆಯೇ ದಾವೆ ಹೂಡಿತು. ಆ ದಾವೆ ಕೆಲವೇ ವಾರಗಳಲ್ಲಿ ವಜಾ ಆಯಿತು. 1993ರಲ್ಲಿ ಸದನದ ನಿಯಮಗಳಲ್ಲೇ ಪ್ರತ್ಯೇಕ ವಕೀಲ ಕಚೇರಿಗೆ ಸ್ಥಾನ ಸಿಕ್ಕಿತು. ಅದು ಸ್ಪೀಕರ್ ನಿರ್ದೇಶನದಲ್ಲಿ ನಡೆಯುತ್ತದೆ, ಐವರ ಸಲಹಾ ಗುಂಪೊಂದಿದೆ. ಮೂವರು ಬಹುಮತದವರು, ಇಬ್ಬರು ವಿರೋಧ ಪಕ್ಷದವರು. ಇಲ್ಲಿ ಲೆಕ್ಕ ಸುಲಭ, ಮೂರು ಸದಾ ಎರಡಕ್ಕಿಂತ ಹೆಚ್ಚು.

ಆ ಲೆಕ್ಕದ ಫಲ 2011ರಲ್ಲಿ ಕಂಡಿತು. ಮದುವೆಯೆಂದರೆ ಗಂಡು ಹೆಣ್ಣಿನದು ಮಾತ್ರ ಎಂದ 1996ರ ಕಾಯ್ದೆಯನ್ನು ಇನ್ನು ಸಮರ್ಥಿಸುವುದಿಲ್ಲ ಎಂದು ಒಬಾಮ ಆಡಳಿತ ಫೆಬ್ರವರಿಯಲ್ಲಿ ಘೋಷಿಸಿತು. ಮಾರ್ಚ್‌ನಲ್ಲಿ ಸಲಹಾ ಗುಂಪು 3-2ರಿಂದ ತಾನೇ ಸಮರ್ಥಿಸಲು ತೀರ್ಮಾನಿಸಿತು. ಸ್ಪೀಕರ್ ಜಾನ್ ಬೇನರ್ ಹೊರಗಿನ ವಕೀಲ ಪಾಲ್ ಕ್ಲೆಮೆಂಟ್ ಅವರನ್ನು ಗೊತ್ತುಮಾಡಿದರು. ಅವರ ವಕೀಲ ಸಂಸ್ಥೆ ಟೀಕೆಗಳ ನಡುವೆ ಹಿಂದೆ ಸರಿಯಿತು, ಕ್ಲೆಮೆಂಟ್ ಸಂಸ್ಥೆಯನ್ನೇ ಬಿಟ್ಟು ಪ್ರಕರಣವನ್ನು ಉಳಿಸಿಕೊಂಡರು. ಐದು ಲಕ್ಷ ಡಾಲರ್ ಎಂದು ಶುರುವಾದ ವೆಚ್ಚದ ಮಿತಿ ಕೊನೆಗೆ 30 ಲಕ್ಷ ಡಾಲರ್‌ಗೆ ಏರಿತು. 2013ರಲ್ಲಿ 5-4ರಿಂದ ಸೋಲು. ಗುಂಪಿನಲ್ಲಿದ್ದ ಇಬ್ಬರು ಡೆಮಾಕ್ರಟರು, ನ್ಯಾನ್ಸಿ ಪೆಲೋಸಿ ಅವರೂ ಸೇರಿ, ಈ ಸಾಹಸವನ್ನು ವಿರೋಧಿಸಿದ್ದರು. ಎಂಟು ವರ್ಷ ಕಳೆದು 2019ರಲ್ಲಿ ಪೆಲೋಸಿ ಸ್ಪೀಕರ್ ಆದಾಗ, ಟ್ರಂಪ್ ಆಡಳಿತ ಕೈಬಿಟ್ಟಿದ್ದ ಒಬಾಮ ಕಾಲದ ಆರೋಗ್ಯ ವಿಮೆ ಕಾಯ್ದೆಯನ್ನು ಸಮರ್ಥಿಸಲು ಅದೇ ಸದನ ನ್ಯಾಯಾಲಯದ ಮೆಟ್ಟಿಲೇರಿತು. ಆಗ ಸಹಿ ಪೆಲೋಸಿ ಕಡೆಯದಾಗಿತ್ತು.

ಎರಡರಲ್ಲಿ ಯಾವುದು ಮೇಲು? ಸೆನೆಟ್ ಮಾತನಾಡಿದರೆ ಅದು ಸೆನೆಟ್‌ನ ಮಾತೇ, ಆದರೆ ಪಕ್ಷಗಳು ಕಚ್ಚಾಡುವ ವಿಷಯದಲ್ಲಿ ಅದು ಬಾಯಿ ತೆರೆಯುವುದಿಲ್ಲ. ಕೆಳಮನೆ ಎಲ್ಲದಕ್ಕೂ ಬಾಯಿ ತೆರೆಯುತ್ತದೆ, ಆದರೆ ಅದು ಆ ಹೊತ್ತಿನ ಬಹುಮತದ ಮಾತು. ನನ್ನ ಒಲವು ಸೆನೆಟ್ ಕಡೆಗೆ. ನ್ಯಾಯಾಲಯದಲ್ಲಿ ಸದನದ ಹೆಸರಿಗೆ ಇರುವ ತೂಕ ಎಲ್ಲರದ್ದು, ಅದನ್ನು ಮೂವರು ಖರ್ಚು ಮಾಡಬಾರದು.

ಭಾರತದ ಸಂಸತ್ತಿನಲ್ಲಿ ಇಂಥ ಕಚೇರಿಯಿಲ್ಲ. ಇಲ್ಲಿ ಸರ್ಕಾರ ಸದನದ ಬಹುಮತದಿಂದಲೇ ಹುಟ್ಟುವುದರಿಂದ ಇಬ್ಬರ ದಾರಿ ಬೇರಾಗುವುದು ಅಪರೂಪ. ಪ್ರಶ್ನೆ ಕೇಳಲು ಹಣ ಪಡೆದರೆಂದು 2005ರ ಡಿಸೆಂಬರ್‌ನಲ್ಲಿ 11 ಸಂಸದರನ್ನು ಹೊರಹಾಕಿದಾಗ ಸ್ಪೀಕರ್ ಸೋಮನಾಥ ಚಟರ್ಜಿ ಸುಪ್ರೀಂ ಕೋರ್ಟಿನ ನೋಟಿಸ್‌ಗೆ ಉತ್ತರಿಸದಿರಲು ನಿರ್ಧರಿಸಿದರು. ಸದನದ ಪರವಾದ ವಾದವನ್ನು ಕೇಂದ್ರ ಸರ್ಕಾರದ ವಕೀಲರು ಮಂಡಿಸಿದರು, 2007ರಲ್ಲಿ ಉಚ್ಚಾಟನೆ ಊರ್ಜಿತವಾಯಿತು. ಅಂದು ಸರ್ಕಾರ ಮತ್ತು ಸದನದ ಅಭಿಪ್ರಾಯ ಒಂದೇ ಆಗಿದ್ದದ್ದು ಅದೃಷ್ಟ.

ಕರ್ನಾಟಕಕ್ಕೆ 2019ರಲ್ಲಿ ಆ ಅದೃಷ್ಟ ಇರಲಿಲ್ಲ. ಶಾಸಕರ ರಾಜೀನಾಮೆ ಅಂಗೀಕಾರದ ವಿಚಾರ ಜುಲೈನಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಸ್ಪೀಕರ್ ರಮೇಶ್ ಕುಮಾರ್ ಪರ ಅಭಿಷೇಕ್ ಮನು ಸಿಂಘ್ವಿ ವಾದಿಸಿದರು. ಸ್ಪೀಕರ್ 17 ಶಾಸಕರನ್ನು ಅನರ್ಹಗೊಳಿಸಿದರು, ಅಷ್ಟರಲ್ಲಿ ಸರ್ಕಾರವೂ ಬದಲಾಗಿತ್ತು, ಪೀಠಕ್ಕೆ ವಿಶ್ವೇಶ್ವರ ಹೆಗಡೆ ಕಾಗೇರಿ ಬಂದರು. ಸೆಪ್ಟೆಂಬರ್‌ನಲ್ಲಿ ಅನರ್ಹತೆಯ ವಿಚಾರಣೆಗೆ ಸ್ಪೀಕರ್ ಕಚೇರಿಯ ಪರವಾಗಿ ಬಂದವರು ಸಾಲಿಸಿಟರ್ ಜನರಲ್ ತುಷಾರ್ ಮೆಹ್ತಾ, ಅಂದರೆ ಕೇಂದ್ರ ಸರ್ಕಾರದ ವಕೀಲರು. ವಿಷಯವನ್ನು ಹೊಸದಾಗಿ ಪರಿಶೀಲಿಸಲು ಅಡ್ಡಿಯಿಲ್ಲ ಎಂಬುದು ಆ ಕಚೇರಿಯ ಹೊಸ ನಿಲುವಾಗಿತ್ತು. ಪಕ್ಷಾಂತರದ ವಿಷಯದಲ್ಲಿ ಸ್ಪೀಕರ್ ನ್ಯಾಯಮಂಡಳಿಯಂತೆ ಕೂರುತ್ತಾರೆ, ತೀರ್ಪು ಕೊಟ್ಟವರೇ ವಕೀಲರನ್ನಿಟ್ಟು ಅದನ್ನು ಸಮರ್ಥಿಸುವುದು ಎಷ್ಟು ಸರಿ ಎಂಬ ಪ್ರಶ್ನೆ ಬೇರೆ. ನವೆಂಬರ್ 13ರಂದು ನ್ಯಾಯಾಲಯ ಅನರ್ಹತೆಯನ್ನು ಎತ್ತಿಹಿಡಿದು, ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದೆಂಬ ಭಾಗವನ್ನು ತೆಗೆದುಹಾಕಿತು.

ಕಚೇರಿ ತೆರೆಯಲು ನಮ್ಮ ಸಂವಿಧಾನದಲ್ಲಿ ಅಡ್ಡಿಯೇನೂ ಕಾಣುವುದಿಲ್ಲ. ಸಂಸತ್ತಿಗೆ 98ನೇ ವಿಧಿ, ರಾಜ್ಯ ಶಾಸನಸಭೆಗಳಿಗೆ 187ನೇ ವಿಧಿ ಪ್ರತ್ಯೇಕ ಸಚಿವಾಲಯವನ್ನು ಕೊಟ್ಟಿವೆ, ಅದರೊಳಗೆ ನಾಲ್ವರು ವಕೀಲರಿಗೆ ಮೇಜು ಹಾಕುವುದು ಕಷ್ಟವಲ್ಲ. ಕಷ್ಟ ಇರುವುದು ಸೆನೆಟ್‌ನ ಏಳು ಜನರಿಗೆ ಸಮನಾದವರನ್ನು ಹುಡುಕುವುದರಲ್ಲಿ. 2014ರಿಂದ 2024ರವರೆಗೆ ಲೋಕಸಭೆಯಲ್ಲಿ ಅಧಿಕೃತ ವಿರೋಧ ಪಕ್ಷದ ನಾಯಕರೇ ಇರಲಿಲ್ಲ. 2019ರಲ್ಲಿ ಆಯ್ಕೆಯಾದ ಲೋಕಸಭೆ ತನ್ನ ಐದು ವರ್ಷವನ್ನೂ ಉಪಸಭಾಧ್ಯಕ್ಷರಿಲ್ಲದೆ ಕಳೆಯಿತು.